ಹಿಮ ತೂರುವ ಯಂತ್ರವನ್ನು ಬೆಚ್ಚಗಾಗಿಸುವ ಕ್ರಮ: ಒಂದು ರೂಢಿಯ ಇತಿಹಾಸ

೧

ಇತಿಹಾಸದ ಅಧ್ಯಾಪಕರಾದ ನಾವು ಯಂತ್ರವೊಂದರ ವಿಷಯವಾಗಿ, ಅದರಲ್ಲಿಯೂ ಕನ್ನಡ ನಾಡಿನಲ್ಲಿ ಯಾರಿಗೂ ಬೇಕಾಗದ ಯಂತ್ರವೊಂದರ ವಿಷಯವಾಗಿ ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಪ್ರೇರಣೆಯಾದುದು ಒಂದು ಪತ್ರ. ನಮ್ಮಲ್ಲಿ ಓದಿ, ಈಗ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನೆಲಸಿರುವ ಶಿಷ್ಯರೊಬ್ಬರು ತಮ್ಮ ಮೊದಲನೆಯ ಚಳಿಗಾಲದ ಅನುಭವವನ್ನು ಅದರಲ್ಲಿ ವಿವರಿಸಿದ್ದರು. ಆ ನಗರದಲ್ಲಿ ವರ್ಷಕ್ಕೆ ಸರಾಸರಿ ಎರಡು ಮೀಟರಿನಷ್ಟು ಹಿಮ ಬೀಳುತ್ತದೆ. ಮನೆಯ ಮುಂದಿನ ದಾರಿಯನ್ನು ತೆರವು ಮಾಡಿಕೊಳ್ಳದೆ ಯಾರೂ ಕೆಲಸಕ್ಕೆ ಹೋಗುವಂತಿಲ್ಲ. ಅದಕ್ಕಾಗಿ ಅವರು ‘ಸ್ನೋ ಬ್ಲೋಯರ್’ ಎಂಬ ಯಂತ್ರವನ್ನು ಕೊಂಡರು.

ಯಂತ್ರದ ಎಂಜಿನನ್ನು ಕೆಲಸಕ್ಕೆ ಮೊದಲು ಎಷ್ಟು ಹೊತ್ತು ಬೆಚ್ಚಗಾಗಿಸಬೇಕು ಎಂಬ ಪ್ರಶ್ನೆಗೆ ಅವರಿಗೆ ಮೂರು ಉತ್ತರಗಳು ದೊರೆತವು. ಪಕ್ಕದ ಮನೆಯ ವೃದ್ಧರು, ಗರಾಜಿನ ಬಾಗಿಲನ್ನು ತೆರೆದಿಟ್ಟು ಒಳಗೇ ಅರ್ಧ ಗಂಟೆ ಓಡಿಸಬೇಕೆಂದರು. ಕಚೇರಿಯ ಕಿರಿಯ ಸಹೋದ್ಯೋಗಿ, ಈಗಿನ ಎಂಜಿನುಗಳಿಗೆ ಅದೆಲ್ಲ ಬೇಕಿಲ್ಲ, ತನ್ನ ಕಾರನ್ನು ತಾನು ಒಂದು ನಿಮಿಷವೂ ಕಾಯಿಸುವುದಿಲ್ಲ ಎಂದರು. ಯಂತ್ರದೊಡನೆ ಬಂದ ಕೈಪಿಡಿ, ಎಂಜಿನು ಕೆಲವು ನಿಮಿಷ ಓಡಲಿ ಎಂದಿತು. ಅದರ ಕೆಳಗೆ, ಯಂತ್ರವು ಹೊರಗಿನ ಹವೆಗೆ ಹೊಂದಿಕೊಳ್ಳಲು ಅವಕಾಶ ಕೊಡಬೇಕು ಎಂದೂ ಸೇರಿಸಿತ್ತು. ಶಿಷ್ಯರು ಅವಸರದಲ್ಲಿ ಸಹೋದ್ಯೋಗಿಯ ಮಾತನ್ನೇ ನಂಬಿದರು. ಬೆಚ್ಚನೆಯ ಗರಾಜಿನಿಂದ ಯಂತ್ರವನ್ನು ಹೊರಕ್ಕೆ ತಂದು, ತಂದ ಕ್ಷಣವೇ ಹಿಮದ ರಾಶಿಗೆ ಹೊಗಿಸಿದರು. ಹತ್ತು ಹೆಜ್ಜೆ ನಡೆಯುವುದರೊಳಗೆ ಕೊಳವೆಯಲ್ಲಿ ಹಿಮ ಕಟ್ಟಿಕೊಂಡಿತು. ಎಂಜಿನು ಏದುಸಿರು ಬಿಟ್ಟು ನಿಂತಿತು. ಕಟ್ಟಿಕೊಂಡ ಹಿಮವನ್ನು ತೆಗೆಯಲು ಅವರು ಕೊಳವೆಯೊಳಕ್ಕೆ ಕೈ ಚಾಚಿದಾಗ ಪಕ್ಕದ ಮನೆಯ ವೃದ್ಧರು ಕಿಟಕಿಯಿಂದಲೇ ಕೂಗಿ ತಡೆದರಂತೆ. “ಎಂಜಿನು ಬೆಚ್ಚಗಾಗದಿದ್ದುದೇ ಇದಕ್ಕೆಲ್ಲ ಕಾರಣವೆಂದು ತಿಳಿದಿದ್ದೇನೆ. ಪರಸ್ಪರ ವಿರುದ್ಧವಾದ ಸಾಕ್ಷ್ಯಗಳಲ್ಲಿ ಯಾವುದು ಪ್ರಮಾಣವೆಂದು ತೀರ್ಮಾನಿಸುವುದು ಹೇಗೆಂದು ನೀವೇ ನಮಗೆ ಪಾಠ ಹೇಳಿದಿರಿ, ಗುರುಗಳೇ, ಈಗ ಇದನ್ನು ತೀರ್ಮಾನಿಸಿಕೊಡಬೇಕು” ಎಂದು ಪತ್ರ ಮುಗಿದಿತ್ತು.

ಪ್ರಶ್ನೆ ವಿನೋದದ್ದಾದರೂ ಅದರಲ್ಲಿ ಹುರುಳಿದೆ. ಒಂದು ಸಾಕ್ಷ್ಯವನ್ನು ಒಪ್ಪುವ ಮೊದಲು ಅದು ಯಾವ ಕಾಲದ್ದು, ಯಾವ ಸನ್ನಿವೇಶದಲ್ಲಿ ಹುಟ್ಟಿತು ಎಂದು ಕೇಳುವುದು ನಮ್ಮ ಶಾಸ್ತ್ರದ ಮೊದಲ ನಿಯಮ. ಶಾಸನಕ್ಕೂ ಬಖೈರಿಗೂ ಅನ್ವಯಿಸುವ ಈ ನಿಯಮ, ನಿತ್ಯಜೀವನದ ರೂಢಿಗೂ ಅನ್ವಯಿಸುತ್ತದೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಯಂತ್ರದ ಸ್ವರೂಪವನ್ನು ತಿಳಿಯಬೇಕು. ಇಂಗ್ಲಿಷ್ ಹೆಸರಿನ ಅರ್ಥ ‘ಹಿಮವನ್ನು ಊದುವುದು’ ಎಂದಾಗುತ್ತದೆ. ಆದರೆ ಈ ಯಂತ್ರ ಊದುವುದಿಲ್ಲ, ತೂರುತ್ತದೆ. ಕಣದಲ್ಲಿ ರಾಶಿಯನ್ನು ತೂರುವುದನ್ನು ಕಂಡ ನಮಗೆ ‘ಹಿಮ ತೂರುವ ಯಂತ್ರ’ ಎಂಬ ಹೆಸರೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಮನೆಬಳಕೆಯ ದೊಡ್ಡ ಯಂತ್ರಗಳಲ್ಲಿ ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮುಂಭಾಗದಲ್ಲಿರುವ ತಿರುಪಿನಾಕಾರದ ಅಲಗು ಹಿಮವನ್ನು ಕತ್ತರಿಸಿ ಎರಡು ಕಡೆಗಳಿಂದಲೂ ನಡುವಿಗೆ ತಳ್ಳುತ್ತದೆ. ಅಲ್ಲಿ ಅತಿವೇಗದಿಂದ ತಿರುಗುವ ರೆಕ್ಕೆಗಳುಳ್ಳ ಚಕ್ರವೊಂದು ಅದನ್ನು ಹಿಡಿದು ಮೇಲಿನ ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಇವೆರಡನ್ನೂ ತಿರುಗಿಸುವುದು ಗಾಳಿಯಿಂದಲೇ ತಣಿಯುವ ಒಂದು ಸಣ್ಣ ಪೆಟ್ರೋಲು ಎಂಜಿನು.

ತೂರುವ ಯಂತ್ರ ಎಂಬ ಹೆಸರಿಗೆ ಇತಿಹಾಸದ ಆಧಾರವೂ ಉಂಟು. ಮಾಂಟ್ರಿಯಲ್ ಸಮೀಪದ ಸೇಂಟ್ ಲಿಯೊನಾರ್ಡ್ ಎಂಬಲ್ಲಿ ೧೮೭೬ರಲ್ಲಿ ಹುಟ್ಟಿದ ಆರ್ಥರ್ ಸಿಕಾರ್ಡ್ ಎಂಬುವನು ೧೮೯೪ರಲ್ಲಿ ಹೊಲವೊಂದರಲ್ಲಿ ಒಕ್ಕಣೆ ಯಂತ್ರ ಕೆಲಸ ಮಾಡುತ್ತಿದ್ದುದನ್ನು ಕಂಡನು. ಅಲಗುಗಳು ತೆನೆಯನ್ನು ಒಳಕ್ಕೆ ಸೆಳೆದು ಹುಲ್ಲನ್ನು ಹೊರಕ್ಕೆ ಎಸೆಯುವ ರೀತಿಯಲ್ಲಿಯೇ ಹಿಮವನ್ನೂ ಎಸೆಯಬಹುದಲ್ಲವೆ ಎಂಬ ಯೋಚನೆ ಅವನಿಗೆ ಅಲ್ಲಿಂದ ಬಂದಿತು. ಅದು ಕಾರ್ಯರೂಪಕ್ಕೆ ಬರಲು ಮೂವತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ೧೯೨೫ರಲ್ಲಿ ಅವನು ಲಾರಿಯ ಚೌಕಟ್ಟಿನ ಮೇಲೆ ತನ್ನ ಯಂತ್ರವನ್ನು ನಿಲ್ಲಿಸಿದನು; ಲಾರಿಯನ್ನು ನಡೆಸಲು ಒಂದು ಎಂಜಿನು, ಹಿಮವನ್ನು ತೂರಲು ಇನ್ನೊಂದು. ಅದು ೯೦ ಅಡಿಗಳಿಗೂ ಆಚೆಗೆ ಹಿಮವನ್ನು ಎಸೆಯಬಲ್ಲದ್ದಾಗಿತ್ತು. ೧೯೨೭ರಲ್ಲಿ ಮಾಂಟ್ರಿಯಲ್ಲಿಗೆ ಹೊಂದಿಕೊಂಡಿದ್ದ ಊಟ್ರಮಾಂಟ್ ಪಟ್ಟಣ ಅದನ್ನು ಕೊಂಡಿತು. ನಡೆದುಕೊಂಡು ತಳ್ಳುವ ಮನೆಬಳಕೆಯ ಸಣ್ಣ ಯಂತ್ರಗಳು ಪ್ರಚಾರಕ್ಕೆ ಬಂದುದು ಅಲ್ಲಿಂದ ಒಂದು ತಲೆಮಾರಿನ ಅನಂತರ, ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಏರಿಯನ್ಸ್ ಸಂಸ್ಥೆ ೧೯೬೦ರಲ್ಲಿ ತನ್ನ ಎರಡು ಹಂತದ ಯಂತ್ರವನ್ನು ಮಾರಾಟಕ್ಕೆ ತಂದಿತು.

೩

ಶೀತದಲ್ಲಿ ಎಂಜಿನಿಗೆ ಆಗುವ ತೊಂದರೆಯಾದರೂ ಏನು? ಇದನ್ನು ಎಣ್ಣೆ, ಇಂಧನ, ಲೋಹ ಎಂದು ಮೂರಾಗಿ ವಿಂಗಡಿಸಿ ನೋಡುವುದು ಅನುಕೂಲ.

ಎಣ್ಣೆಯ ವಿಷಯ ನಮಗೆ ಅಪರಿಚಿತವಲ್ಲ. ಮಾಗಿಯ ಮುಂಜಾವದಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗೋ ಒಲೆಯ ಬಳಿಗೋ ಇಡದೆ ಎಣ್ಣೆ ಸುರಿಯುವುದಿಲ್ಲವೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಎಂಜಿನಿನ ಎಣ್ಣೆ ಅಷ್ಟು ಸುಲಭವಾಗಿ ಗಡ್ಡೆಕಟ್ಟುವುದಿಲ್ಲ. ಆದರೆ ಚಳಿ ಹೆಚ್ಚಿದಂತೆ ಪಾಕದಂತೆ ಮಂದವಾಗುತ್ತದೆ. ಬಹುಪಾಲು ಸಣ್ಣ ಎಂಜಿನುಗಳಲ್ಲಿ ಎಣ್ಣೆಯನ್ನು ಮೇಲೆತ್ತುವ ಪಂಪು ಇರುವುದಿಲ್ಲ. ತಿರುಗುವ ದಂಡಕ್ಕೆ ಜೋಡಿಸಿದ ಸಣ್ಣ ಸೌಟಿನಂಥ ತುಂಡೊಂದು ತಳದ ಎಣ್ಣೆಯನ್ನು ಮೊಗೆದು ಸುತ್ತಲೂ ಚಿಮುಕಿಸುತ್ತದೆ. ಎಣ್ಣೆ ಮಂದವಾಗಿದ್ದರೆ ಸೌಟು ಅದರಲ್ಲಿ ಒಂದು ಗೀರು ಎಳೆದು ಹಾದುಹೋಗುವುದೇ ವಿನಾ, ಬೇಕಾದೆಡೆಗೆ ಎಣ್ಣೆ ಚಿಮ್ಮುವುದಿಲ್ಲ. ಎಣ್ಣೆ ತಲುಪದೆ ಲೋಹದ ಮೇಲೆ ಲೋಹ ಉಜ್ಜುವ ಈ ಮೊದಲ ಕ್ಷಣಗಳಲ್ಲಿಯೇ ಎಂಜಿನಿಗೆ ಸವೆತ ಹೆಚ್ಚು.

ಎರಡನೆಯದು ಇಂಧನ. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಕಿಡಿ ಅದನ್ನು ಹೊತ್ತಿಸಬಲ್ಲದು. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲಿನ ಸ್ವಲ್ಪ ಭಾಗವಷ್ಟೇ ಆವಿಯಾಗುತ್ತದೆ, ಉಳಿದುದು ಹನಿಯಾಗಿ ಗೋಡೆಗಳಿಗೆ ಅಂಟುತ್ತದೆ. ಈ ಕೊರತೆಯನ್ನು ತುಂಬಲು ‘ಚೋಕ್’ ಎಂಬ ಏರ್ಪಾಡು ಇದೆ. ನಮ್ಮ ಹಳೆಯ ಸ್ಕೂಟರುಗಳನ್ನು ಚಳಿಯ ಬೆಳಗಿನಲ್ಲಿ ಹೊರಡಿಸಿದವರಿಗೆ ಇದರ ಪರಿಚಯ ಉಂಟು. ಅದನ್ನೆಳೆದಾಗ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲು ಹೆಚ್ಚಾಗಿ ಸೆಳೆಯಲ್ಪಡುತ್ತದೆ. ಹೆಚ್ಚು ಪೆಟ್ರೋಲು ಬಂದುದರಿಂದ ಅದರಲ್ಲಿ ಆವಿಯಾಗುವ ಭಾಗವೂ ಸಾಕಷ್ಟಾಗುತ್ತದೆ. ಎಂಜಿನು ಬಿಸಿಯಾದೊಡನೆ ಈ ಸಹಾಯ ಬೇಕಿಲ್ಲ. ಆಗಲೂ ಚೋಕನ್ನು ಹಾಗೆಯೇ ಬಿಟ್ಟರೆ ಕಪ್ಪು ಹೊಗೆ ಏಳುತ್ತದೆ, ಕಿಡಿ ಕೊಡುವ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನೇ ತೊಳೆದುಹಾಕುತ್ತದೆ.

ಮೂರನೆಯದು ಲೋಹ. ಪಿಸ್ಟನ್ನನ್ನು ಸಾಮಾನ್ಯವಾಗಿ ಅಲ್ಯುಮಿನಿಯಮಿನಿಂದ ಮಾಡುತ್ತಾರೆ. ಸಿಲಿಂಡರಿನ ಒಳಮೈ ಅನೇಕ ಎಂಜಿನುಗಳಲ್ಲಿ ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯುಮಿನಿಯಮು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದುದರಿಂದ ಎಂಜಿನು ಬಿಸಿಯಾಗಿರುವಾಗ ಸರಿಹೊಂದುವಂತೆ ಇವುಗಳ ನಡುವಣ ತೆರವನ್ನು ಗೊತ್ತುಮಾಡಿರುತ್ತಾರೆ. ತಣ್ಣಗಿರುವ ಎಂಜಿನಿಗೆ ಒಮ್ಮೆಲೇ ಪೂರ್ಣ ಭಾರ ಹೊರಿಸಿದರೆ, ಬೆಂಕಿಯ ನೇರ ಸಂಪರ್ಕದಲ್ಲಿರುವ ಪಿಸ್ಟನ್ನು ಬೇಗನೆ ಹಿಗ್ಗಿ, ಇನ್ನೂ ತಣ್ಣಗಿರುವ ಸಿಲಿಂಡರನ್ನು ಉಜ್ಜುವ ಭಯವಿದೆ. ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿದರೆ ಎರಡೂ ಜೊತೆಜೊತೆಯಾಗಿ ಬಿಸಿಯಾಗುತ್ತವೆ.

ಬೆಚ್ಚಗಾಗಿಸುವುದಕ್ಕೆ ಹೀಗೆ ಮೂರು ಕಾರಣಗಳಿವೆ. ಇವು ಮೂರೂ ಎಲ್ಲ ಕಾಲದಲ್ಲಿಯೂ ಒಂದೇ ಬಲದವಾಗಿರಲಿಲ್ಲ ಎಂಬುದನ್ನು ಇನ್ನು ನೋಡೋಣ.

೪

ಹಿಮ ತೂರುವ ಯಂತ್ರದ ಮೊದಲ ಯುಗ ಹಬೆಯದು. ಟೊರಾಂಟೊ ನಗರದ ದಂತವೈದ್ಯನಾದ ಜೆ. ಡಬ್ಲ್ಯು. ಎಲಿಯಟ್ ಎಂಬುವನು ೧೮೬೯ರಲ್ಲಿಯೇ ರೈಲು ಹಳಿಗಳ ಮೇಲಿನ ಹಿಮವನ್ನು ತಿರುಗುವ ಚಕ್ರದಿಂದ ಎಸೆಯುವ ಯಂತ್ರವನ್ನು ಕಲ್ಪಿಸಿದ್ದನು. ಆರೆಂಜ್ ಜಲ್ ಎಂಬುವನು ಅದನ್ನು ತಿದ್ದಿ ಬೆಳೆಸಿದನು. ಲೆಸ್ಲಿ ಸಹೋದರರು ಕಟ್ಟಿದ ಯಂತ್ರವನ್ನು ೧೮೮೩-೮೪ರ ಚಳಿಗಾಲದಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲ್ವೆಯವರು ಟೊರಾಂಟೊ ಬಳಿ ಪರೀಕ್ಷಿಸಿದರು. ಈ ಗಾಡಿಯಲ್ಲಿದ್ದ ಹಬೆಯ ಎಂಜಿನು ಚಕ್ರವನ್ನು ಮಾತ್ರ ತಿರುಗಿಸುತ್ತಿತ್ತು. ಹಿಂದಿನಿಂದ ಬೇರೆ ರೈಲೆಂಜಿನುಗಳು ಅದನ್ನು ತಳ್ಳುತ್ತಿದ್ದವು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಬೆಯ ಎಂಜಿನಿಗೆ ಬಿಸಿಯಾಗುವುದು ಪೂರ್ವಸಿದ್ಧತೆಯಲ್ಲ. ಅದೇ ಅದರ ಪ್ರಾಣ. ನೀರು ಕುದಿದು ಒತ್ತಡ ಏರುವವರೆಗೆ ಗಂಟೆಗಟ್ಟಲೆ ಕಾಯಲೇಬೇಕು. ಆದುದರಿಂದ ಹಿಮದ ಸೂಚನೆ ಕಂಡೊಡನೆ ಒಲೆಯನ್ನು ಹೊತ್ತಿಸಿ ಕಾಪಾಡಿಕೊಂಡು ಬರುವುದೇ ಆ ಕಾಲದ ಕಾಮಗಾರರ ಶಿಸ್ತಾಗಿತ್ತು.

ಪೆಟ್ರೋಲು ಎಂಜಿನಿನಿಂದ ಎರಡನೆಯ ಯುಗ ಆರಂಭವಾಯಿತು. ಕೀಲಿ ತಿರುಗಿಸಿದೊಡನೆ ಕೆಲಸಕ್ಕೆ ಸಿದ್ಧವೆಂಬ ಭರವಸೆಯೊಡನೆ ಬಂದ ಈ ಎಂಜಿನು, ಶೀತದೇಶಗಳಲ್ಲಿ ಆ ಭರವಸೆಯನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲ. ಕಾರುಗಳಲ್ಲಿ ವಿದ್ಯುತ್ತಿನಿಂದ ಹೊರಡಿಸುವ ಏರ್ಪಾಡು ೧೯೧೨ರ ಕ್ಯಾಡಿಲಾಕ್ ಕಾರಿನೊಡನೆ ಬಂದಿತು. ಅದಕ್ಕೆ ಮುಂಚೆ ಕೈಯಿಂದ ಹಿಡಿಕೆ ತಿರುಗಿಸಬೇಕಾಗಿದ್ದಿತು. ಎಣ್ಣೆ ಮಂದವಾಗಿದ್ದಾಗ ಅದನ್ನು ಅಲುಗಿಸುವುದೇ ಕಷ್ಟ, ಅದು ಹಿಂದಕ್ಕೆ ಒದೆದರೆ ಕೈ ಮುರಿಯುವುದೂ ಉಂಟು. ೧೯೨೦ರ ಮತ್ತು ೧೯೩೦ರ ದಶಕಗಳಲ್ಲಿ ಕೆನಡಾದ ಉತ್ತರದ ಕಾಡುಗಳಿಗೆ ಹಾರುತ್ತಿದ್ದ ವಿಮಾನಿಗಳ ದಿನಚರಿ ಈ ಯುಗದ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಸಂಜೆ ಇಳಿದೊಡನೆ ಅವರು ಎಂಜಿನಿನ ಬಿಸಿ ಎಣ್ಣೆಯನ್ನು ಡಬ್ಬಿಗೆ ಬಸಿದುಕೊಂಡು ಗುಡಿಸಲಿನೊಳಗೆ ಒಲೆಯ ಪಕ್ಕದಲ್ಲಿಡುತ್ತಿದ್ದರು. ಬೆಳಗ್ಗೆ ಎಂಜಿನಿಗೆ ದಪ್ಪಬಟ್ಟೆಯ ಗುಡಾರ ಹೊದಿಸಿ, ಅದರೊಳಗೆ ಬೆಂಕಿಯ ಕುಂಡವನ್ನಿಟ್ಟು, ಬಟ್ಟೆಗೆ ಕಿಡಿ ತಗಲದಂತೆ ಕಾವಲಿದ್ದು ಲೋಹವನ್ನು ಕಾಯಿಸುತ್ತಿದ್ದರು. ಅನಂತರ ಬಿಸಿ ಎಣ್ಣೆಯನ್ನು ಮರಳಿ ಹೊಯ್ದು ಎಂಜಿನನ್ನು ಹೊರಡಿಸುತ್ತಿದ್ದರು. ಪ್ರಯಾಣಕ್ಕಿಂತ ಸಿದ್ಧತೆಗೇ ಹೆಚ್ಚು ಹೊತ್ತಾಗುವ ದಿನಗಳೂ ಇದ್ದವು.

ಎರಡನೆಯ ಮಹಾಯುದ್ಧದಲ್ಲಿ ಇದೇ ಸಮಸ್ಯೆ ಸೈನ್ಯಗಳ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ೧೯೪೧-೪೨ರ ಚಳಿಗಾಲದಲ್ಲಿ ರಷ್ಯದೊಳಕ್ಕೆ ನುಗ್ಗಿದ್ದ ಜರ್ಮನ್ ಸೈನ್ಯ ತನ್ನ ಟ್ಯಾಂಕುಗಳ ಅಡಿಯಲ್ಲಿ ಬೆಂಕಿ ಹಾಕಬೇಕಾಯಿತು; ಇಲ್ಲವೇ ಕೆಲವು ಗಂಟೆಗಳಿಗೊಮ್ಮೆ ಎಂಜಿನನ್ನು ಸುಮ್ಮನೆ ಓಡಿಸಿ, ಮೊದಲೇ ವಿರಳವಾಗಿದ್ದ ಇಂಧನವನ್ನು ವ್ಯಯಮಾಡಬೇಕಾಯಿತು. ಎಂಜಿನನ್ನು ನಿಲ್ಲಿಸುವ ಮೊದಲು ಎಣ್ಣೆಗೆ ಸ್ವಲ್ಪ ಪೆಟ್ರೋಲು ಬೆರೆಸಿ ತೆಳುವಾಗಿಸುವ ವಿಧಾನ ಆ ಕಾಲದ ಸೈನಿಕ ವಿಮಾನಗಳಲ್ಲಿ ಬಳಕೆಗೆ ಬಂದಿತು. ಮರುದಿನ ಎಂಜಿನು ಬಿಸಿಯಾದಾಗ ಆ ಪೆಟ್ರೋಲು ಆವಿಯಾಗಿ ಹೋಗಿ ಎಣ್ಣೆ ಮತ್ತೆ ಮೊದಲಿನಂತಾಗುತ್ತಿತ್ತು. ಯುದ್ಧಾನಂತರ ಮನೆಯ ಕಾರುಗಳಿಗೂ ಒಂದು ಪರಿಹಾರ ದೊರೆಯಿತು. ಅಮೆರಿಕದ ಉತ್ತರ ಡಕೋಟಾ ಸಂಸ್ಥಾನದ ಆಂಡ್ರೂ ಫ್ರೀಮನ್, ಎಂಜಿನಿನ ಮೈಯೊಳಗೇ ಕೂಡಿಸಿ ವಿದ್ಯುತ್ತಿನಿಂದ ಕಾಯಿಸುವ ಸಾಧನಕ್ಕೆ ೧೯೪೯ರಲ್ಲಿ ಹಕ್ಕುಪತ್ರ ಪಡೆದನು. ರಾತ್ರಿಯೆಲ್ಲ ಕಾರಿಗೆ ವಿದ್ಯುತ್ತಿನ ತಂತಿಯನ್ನು ಸಿಕ್ಕಿಸಿ ಮಲಗುವ ರೂಢಿ ಆ ಸೀಮೆಗಳಲ್ಲಿ ಇಂದಿಗೂ ಇದೆ.

ಮೂರನೆಯ ಯುಗವನ್ನು ತಂದುದು ಯಂತ್ರವಲ್ಲ, ಎಣ್ಣೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ೧೯೧೧ರಲ್ಲಿಯೇ ಎಣ್ಣೆಗಳನ್ನು ಅವುಗಳ ಮಂದತೆಗೆ ತಕ್ಕಂತೆ ಅಂಕಿಗಳಿಂದ ವರ್ಗೀಕರಿಸಿತ್ತು. ಮುಂದೆ ಚಳಿಗಾಲದ ಎಣ್ಣೆಗೆ ‘ಡಬ್ಲ್ಯು’ ಎಂಬ ಗುರುತು ಸೇರಿತು. ಬಹುಕಾಲದವರೆಗೆ ಬೇಸಗೆಗೊಂದು ಎಣ್ಣೆ, ಚಳಿಗಾಲಕ್ಕೊಂದು ಎಣ್ಣೆ ಎಂದು ಬದಲಾಯಿಸುತ್ತಿದ್ದರು. ತೆಳುವಾದ ಎಣ್ಣೆ ಚಳಿಯಲ್ಲಿ ಹರಿಯುತ್ತಿತ್ತು, ಬಿಸಿಯಾದಾಗ ನೀರಾಗುತ್ತಿತ್ತು. ಮಂದವಾದುದು ಬಿಸಿಯಲ್ಲಿ ನಿಲ್ಲುತ್ತಿತ್ತು, ಚಳಿಯಲ್ಲಿ ಹರಿಯುತ್ತಿರಲಿಲ್ಲ. ೧೯೫೦ರ ದಶಕದಲ್ಲಿ ಎರಡು ಗುಣಗಳನ್ನೂ ಕೂಡಿಸಿದ ಎಣ್ಣೆಗಳು ಬಳಕೆಗೆ ಬಂದವು. ಇವುಗಳಲ್ಲಿ ಬೆರೆಸಿರುವ ಉದ್ದನೆಯ ಸರಪಣಿಯಂಥ ಅಣುಗಳು ಚಳಿಯಲ್ಲಿ ಮುದುಡಿಕೊಂಡು ಎಣ್ಣೆಯ ಹರಿವಿಗೆ ಅಡ್ಡಬರುವುದಿಲ್ಲ; ಬಿಸಿಯಲ್ಲಿ ಬಿಚ್ಚಿಕೊಂಡು ಅದು ಅತಿಯಾಗಿ ತೆಳುವಾಗದಂತೆ ತಡೆಯುತ್ತವೆ. ಹಿಮ ತೂರುವ ಯಂತ್ರಗಳಿಗೆ ಇಂದು ಸಾಮಾನ್ಯವಾಗಿ ಹೇಳುವ ‘೫ಡಬ್ಲ್ಯು-೩೦’ ಎಂಬ ಎಣ್ಣೆ ಈ ಜಾತಿಯದು. ಎಂಜಿನನ್ನು ತಿರುಗಿಸಲು ಅಡ್ಡಿಯಾಗದಷ್ಟು ಅದು ಹರಿಯುತ್ತದೆಯೇ ಎಂಬುದನ್ನು ಸೊನ್ನೆಗಿಂತ ೩೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಪರೀಕ್ಷಿಸಿರುತ್ತಾರೆ. ಇದರೊಡನೆ, ಶೀತದೇಶಗಳಲ್ಲಿ ಚಳಿಗಾಲಕ್ಕೆಂದು ಮಾರುವ ಪೆಟ್ರೋಲೂ ಬೇಸಗೆಯದಕ್ಕಿಂತ ಸುಲಭವಾಗಿ ಆವಿಯಾಗುವಂತೆ ಸಿದ್ಧವಾಗಿರುತ್ತದೆ.

ಅಂದಮೇಲೆ ಪಕ್ಕದ ಮನೆಯ ವೃದ್ಧರ ಅರ್ಧ ಗಂಟೆ ಅವಿವೇಕದ ಮಾತಲ್ಲ. ಅದು ಎರಡನೆಯ ಯುಗದ ಎಣ್ಣೆಯ ನೆನಪು. ಅವರಿಗೆ ಅದನ್ನು ಕಲಿಸಿದ ಹಿರಿಯರ ಕಾಲದಲ್ಲಿ ನಿಜವಾಗಿಯೂ ಬೇಕಾಗಿದ್ದ ನಿಯಮ. ಎಣ್ಣೆ ಬದಲಾಯಿತು, ನಿಯಮ ಉಳಿಯಿತು. ಸಹೋದ್ಯೋಗಿಯ ಮಾತೂ ಸುಳ್ಳಲ್ಲ, ಆದರೆ ಅದು ಬೇರೆ ಯಂತ್ರದ ಸಾಕ್ಷ್ಯ. ಈಗಿನ ಕಾರಿನಲ್ಲಿ ಇಂಧನವನ್ನು ಅಳೆದು ಚಿಮ್ಮಿಸುವುದೂ, ಚಳಿಗೆ ತಕ್ಕಂತೆ ಅದನ್ನು ಹೆಚ್ಚುಕಡಮೆ ಮಾಡುವುದೂ ಒಂದು ವಿದ್ಯುನ್ಮಾನ ಸಾಧನ. ಹಿಮ ತೂರುವ ಯಂತ್ರಗಳಲ್ಲಿ ಬಹುಪಾಲು ಇಂದಿಗೂ ಹಳೆಯ ಕಾರ್ಬುರೇಟರನ್ನೂ ಕೈಯಿಂದ ಎಳೆಯುವ ಚೋಕನ್ನೂ ಉಳಿಸಿಕೊಂಡಿವೆ. ಅಲ್ಲದೆ, ಕಾರು ಹೊರಟೊಡನೆ ಮೆಲ್ಲನೆ ಸಾಗಬಹುದು. ಈ ಯಂತ್ರಕ್ಕೆ ಮೊದಲ ಹೆಜ್ಜೆಯಲ್ಲಿಯೇ ಪೂರ್ಣ ಭಾರ.

೫

ಇನ್ನು ಶಿಷ್ಯರ ಪ್ರಸಂಗಕ್ಕೆ ಮರಳೋಣ. ಎಂಜಿನು ಬೆಚ್ಚಗಾಗದೆ ಇದ್ದುದೇ ಅನರ್ಥಕ್ಕೆ ಕಾರಣವೆಂದು ಅವರು ಊಹಿಸಿದ್ದರು. ಅವರ ಪತ್ರದಲ್ಲಿಯೇ ಈ ಊಹೆಗೆ ವಿರುದ್ಧವಾದ ಸಾಕ್ಷ್ಯವಿದೆ. ಯಂತ್ರ ಬಂದುದು ಬೆಚ್ಚನೆಯ ಗರಾಜಿನಿಂದ. ಹಾಗಿದ್ದರೆ ಅದರ ಎಣ್ಣೆ ಮಂದವಾಗಿರಲು ಕಾರಣವಿಲ್ಲ. ಬೆಚ್ಚಗಿದ್ದುದು ಎಂಜಿನು ಒಂದೇ ಅಲ್ಲ. ಅಲಗು, ಚಕ್ರ, ಕೊಳವೆ ಎಲ್ಲವೂ ಬೆಚ್ಚಗಿದ್ದವು. ಬೆಚ್ಚನೆಯ ತಗಡಿಗೆ ತಗುಲಿದ ಹಿಮ ಕರಗಿ ನೀರಾಯಿತು. ಹಿಂದೆಯೇ ಬಂದ ಹಿಮ ಮತ್ತು ಹೊರಗಿನ ಚಳಿ ಆ ನೀರನ್ನು ಮಂಜುಗಡ್ಡೆಯಾಗಿಸಿದವು. ಆ ಗಡ್ಡೆಗೆ ಮತ್ತಷ್ಟು ಹಿಮ ಅಂಟಿ ಕೊಳವೆ ಮುಚ್ಚಿಹೋಯಿತು. ಎಂಜಿನು ನಿಂತದ್ದು ಆ ಭಾರದಿಂದ. ಎಂದರೆ ದೋಷ ಬಿಸಿ ಸಾಲದುದರಲ್ಲಿ ಇರಲಿಲ್ಲ, ಬಿಸಿ ಇರಬಾರದ ಕಡೆ ಇದ್ದುದರಲ್ಲಿತ್ತು. ಕೈಪಿಡಿಯ ಎರಡನೆಯ ವಾಕ್ಯದ ತಾತ್ಪರ್ಯ ಇದೇ. ಎಂಜಿನು ಬೆಚ್ಚಗಿರಬೇಕು, ಅಲಗು ತಣ್ಣಗಿರಬೇಕು. ವೃದ್ಧರು ಹೇಳಿದಂತೆ ಗರಾಜಿನೊಳಗೆ ಅರ್ಧ ಗಂಟೆ ಓಡಿಸಿದ್ದರೂ ಈ ತೊಂದರೆ ತಪ್ಪುತ್ತಿರಲಿಲ್ಲ.

ಅದಕ್ಕಿಂತ ಘೋರವಾದುದೊಂದು ಒದಗಬಹುದಾಗಿತ್ತು. ಪೆಟ್ರೋಲು ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡಮೇಲೆ ಆಮ್ಲಜನಕಕ್ಕೆ ಅಲ್ಲಿ ಸ್ಥಳವಿಲ್ಲ. ಚೋಕ್ ಎಳೆದ ತಣ್ಣನೆಯ ಎಂಜಿನಿನಲ್ಲಿ ಪೆಟ್ರೋಲು ಪೂರ್ಣವಾಗಿ ಉರಿಯದಿರುವುದರಿಂದ ಈ ಅನಿಲ ಇನ್ನೂ ಹೆಚ್ಚಾಗಿ ಹುಟ್ಟುತ್ತದೆ. ಗರಾಜಿನ ಬಾಗಿಲನ್ನು ತೆರೆದಿಟ್ಟರೆ ಸಾಕೆಂಬ ನಂಬಿಕೆ ತಪ್ಪು. ಗರಾಜಿಗೆ ಹೊಂದಿಕೊಂಡ ಮನೆಯೊಳಕ್ಕೂ ಅದು ಹರಿದು, ಮಲಗಿರುವವರನ್ನು ಏಳದಂತೆ ಮಾಡಬಲ್ಲದು. ವೃದ್ಧರ ಮಾತಿನಲ್ಲಿ ‘ಅರ್ಧ ಗಂಟೆ’ ಎಂಬುದು ಇಂದು ನಿರುಪಯುಕ್ತವಷ್ಟೇ. ‘ಒಳಗೇ’ ಎಂಬುದು ಎಂದೆಂದಿಗೂ ಅಪಾಯಕರ.

ಹೆಚ್ಚು ಹೊತ್ತು ಸುಮ್ಮನೆ ಓಡಿಸುವುದರಿಂದ ಎಂಜಿನಿಗೂ ಹಿತವಿಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಕೆಲಸದ ಬಿಸಿಯಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಭಾರವಿಲ್ಲದೆ ಓಡುವ ಎಂಜಿನು ಸಾಕಷ್ಟು ಬಿಸಿಯಾಗದೆ, ಅದರ ಸ್ವಲ್ಪ ಭಾಗ ಒಳಗೇ ತಂಗಿ ಎಣ್ಣೆಯೊಡನೆ ಕಲೆಯುತ್ತದೆ. ಉರಿಯದ ಪೆಟ್ರೋಲೂ ಜೊತೆಗೂಡಿ ಎಣ್ಣೆಯನ್ನು ಕೆಡಿಸುತ್ತದೆ.

ಈ ವಿಚಾರಗಳನ್ನೆಲ್ಲ ಕೂಡಿಸಿದರೆ ಕ್ರಮ ಬಹು ಸರಳವಾಗಿ ಪರಿಣಮಿಸುತ್ತದೆ. ಚಳಿಗಾಲಕ್ಕೆ ತಕ್ಕ ಎಣ್ಣೆಯೂ ಹೊಸ ಪೆಟ್ರೋಲೂ ಇರಬೇಕು. ಹಿಂದಿನ ವರ್ಷದಿಂದ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟುತ್ತದೆ. ಗರಾಜು ಬೆಚ್ಚಗಿದ್ದರೆ ಕೆಲಸಕ್ಕೆ ಸಾಕಷ್ಟು ಮುಂಚೆಯೇ ಯಂತ್ರವನ್ನು ಹೊರಗಿಟ್ಟು, ಅಲಗು ಮತ್ತು ಕೊಳವೆ ತಣಿಯಲು ಬಿಡಬೇಕು. ಅನಂತರ ಹೊರಗಡೆಯೇ ಚೋಕ್ ಎಳೆದು ಹೊರಡಿಸಬೇಕು. ಎಂಜಿನಿನ ಶಬ್ದ ಸಮವಾಗುತ್ತ ಬಂದಂತೆ ಚೋಕನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಬಿಡಬೇಕು. ಅದನ್ನು ಪೂರ್ತಿಯಾಗಿ ಬಿಟ್ಟ ಮೇಲೂ ಎಂಜಿನು ತಡವರಿಸದೆ ಓಡಿದರೆ ಅದು ಸಿದ್ಧವಾಯಿತೆಂದು ತಿಳಿಯಬಹುದು. ಇದಕ್ಕೆ ಸಾಧಾರಣವಾಗಿ ಎರಡರಿಂದ ಐದು ನಿಮಿಷ ಸಾಕು. ಗಡಿಯಾರಕ್ಕಿಂತ ಈ ಲಕ್ಷಣವೇ ಹೆಚ್ಚು ನಂಬತಕ್ಕದ್ದು. ಕೆಲಸ ಮುಗಿದ ಮೇಲೆಯೂ ಕೆಲವು ನಿಮಿಷ ಅಲಗನ್ನು ಬರಿದೇ ತಿರುಗಿಸಿ ಉಳಿದ ಹಿಮವನ್ನು ಉದುರಿಸಬೇಕು. ಇಲ್ಲವಾದರೆ ಮರುದಿನ ಅದು ಹೆಪ್ಪುಗಟ್ಟಿ ಅಲಗನ್ನೇ ಹಿಡಿದಿರುತ್ತದೆ.

ಕೊಳವೆ ಕಟ್ಟಿಕೊಂಡಾಗ ಕೈ ಹಾಕಲೇಬಾರದು. ಎಂಜಿನು ನಿಂತಿದ್ದರೂ ಸಿಕ್ಕಿಕೊಂಡ ಚಕ್ರದಲ್ಲಿ ಬಿಗಿ ಉಳಿದಿರಬಹುದು. ಹಿಮ ಸಡಿಲಿದೊಡನೆ ಅದು ಥಟ್ಟನೆ ತಿರುಗಿ ಬೆರಳುಗಳನ್ನು ಕತ್ತರಿಸುತ್ತದೆ. ಎಂಜಿನನ್ನು ನಿಲ್ಲಿಸಿ, ಚಕ್ರ ನಿಂತಿದೆಯೆಂದು ನೋಡಿಕೊಂಡು, ಕೋಲಿನಿಂದಲೇ ತೆಗೆಯಬೇಕು. ಶಿಷ್ಯರ ಕೈ ಉಳಿದುದು ಪಕ್ಕದ ಮನೆಯವರು ಆ ಹೊತ್ತಿಗೆ ಕಿಟಕಿಯ ಬಳಿ ಇದ್ದುದರಿಂದ. ಎಂಜಿನಿನ ವಿಷಯದಲ್ಲಿ ಹಳೆಯ ಕಾಲದವರಾದ ಅವರೇ ಈ ವಿಷಯದಲ್ಲಿ ಸರಿಯಾದ ಪ್ರಮಾಣವಾಗಿದ್ದರು. ಒಬ್ಬನ ಒಂದು ಮಾತು ತಪ್ಪೆಂದು ಅವನ ಎಲ್ಲ ಮಾತುಗಳನ್ನೂ ತಳ್ಳಿಹಾಕಬಾರದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿಯೂ ನೆನೆಯಬಹುದು.

೬

ಈ ವಿಷಯ ನಮ್ಮ ದೇಶಕ್ಕೆ ತೀರ ದೂರದ್ದೆಂದೂ ಹೇಳಲಾಗದು. ೧೯೬೦ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ೩,೫೦೦ ಮೀಟರಿಗೂ ಎತ್ತರದಲ್ಲಿರುವ ಝೋಜಿ ಲಾ ಕಣಿವೆದಾರಿಯನ್ನು ದೊಡ್ಡ ಯಂತ್ರಗಳಿಂದ ವರ್ಷವರ್ಷವೂ ತೆರವು ಮಾಡುತ್ತಾರೆ. ಅಲ್ಲಿಯ ವಾಹನಗಳಿಗೆ ಬೇಕಾದ ಡೀಸೆಲ್, ತೀವ್ರ ಶೀತದಲ್ಲಿ ತನ್ನೊಳಗಿನ ಮೇಣವನ್ನು ಬೇರ್ಪಡಿಸಿ ಹರಿಯದಂತಾಗುತ್ತದೆ. ಸೊನ್ನೆಗಿಂತ ೩೩ ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ದ್ರವವಾಗಿಯೇ ಇರುವ ಚಳಿಗಾಲದ ಡೀಸೆಲ್ ಲಡಾಖಿನಲ್ಲಿ ಮಾರಾಟಕ್ಕೆ ಬಂದುದು ೨೦೧೯ರಲ್ಲಿ. ಇಲ್ಲಿಯೂ ಸಮಸ್ಯೆಯನ್ನು ಬಿಡಿಸಿದುದು ಹೆಚ್ಚು ಬೆಂಕಿಯಲ್ಲ, ಬದಲಾದ ಇಂಧನ.

ಇತ್ತೀಚೆಗೆ ಎಂಜಿನೇ ಇಲ್ಲದ, ಬ್ಯಾಟರಿಯಿಂದ ನಡೆಯುವ ಹಿಮ ತೂರುವ ಯಂತ್ರಗಳೂ ಬಂದಿವೆ. ಅವುಗಳಿಗೆ ಬೆಚ್ಚಗಾಗಿಸುವ ಗೊಡವೆಯಿಲ್ಲವೆಂದು ಮೊದಲಿಗೆ ತೋರುತ್ತದೆ. ಆದರೆ ಅವುಗಳ ಲಿಥಿಯಂ ಬ್ಯಾಟರಿಗೆ ಚಳಿಯಲ್ಲಿ ಬಲ ಕುಗ್ಗುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ವಿದ್ಯುತ್ತನ್ನು ತುಂಬಿದರೆ ಒಳಗೆ ಶಾಶ್ವತವಾದ ಹಾನಿಯಾಗುತ್ತದೆ. ಆದುದರಿಂದ ಯಜಮಾನನು ಸಂಜೆ ಬ್ಯಾಟರಿಯನ್ನು ಕಳಚಿಕೊಂಡು ಮನೆಯೊಳಗೆ ಬೆಚ್ಚಗೆ ಇಟ್ಟುಕೊಳ್ಳಬೇಕಾಗಿದೆ. ಸುಮಾರು ನೂರು ವರ್ಷಗಳ ಹಿಂದೆ ಕಾಡಿನ ವಿಮಾನಿ ಎಣ್ಣೆಯ ಡಬ್ಬಿಯನ್ನು ಒಲೆಯ ಪಕ್ಕಕ್ಕೆ ಒಯ್ಯುತ್ತಿದ್ದುದೂ ಹೀಗೆಯೇ.

ನಮ್ಮ ಶಿಷ್ಯರಿಗೆ ನಾವು ಕೊಟ್ಟ ಉತ್ತರ ಇಷ್ಟೇ. ಮೂವರು ಸಾಕ್ಷಿಗಳಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಇಬ್ಬರು ತಮ್ಮ ಕಾಲವನ್ನೂ ತಮ್ಮ ಯಂತ್ರವನ್ನೂ ಕುರಿತು ಹೇಳಿದರು, ಕೈಪಿಡಿ ಮಾತ್ರ ನಿಮ್ಮ ಯಂತ್ರವನ್ನು ಕುರಿತು ಹೇಳಿತು, ಅದರ ಅರ್ಧವನ್ನು ನೀವು ಓದಲಿಲ್ಲ. ಐದು ನಿಮಿಷ ಮುಂಚೆ ಏಳಿ; ಯಂತ್ರವನ್ನು ಹೊರಗೆ ನಿಲ್ಲಿಸಿ, ಹೊರಗೇ ಹೊರಡಿಸಿ; ಅಲಗಿಗೆ ಚಳಿಯನ್ನೂ ಎಂಜಿನಿಗೆ ಬಿಸಿಯನ್ನೂ ಕೊಡಿ; ಕೈಗಳನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಪಕ್ಕದ ಮನೆಯ ಹಿರಿಯರ ದಾರಿಯನ್ನೂ ಅದೇ ಯಂತ್ರದಿಂದ ಒಮ್ಮೆ ತೆರವು ಮಾಡಿಕೊಡಿ ಎಂದು ಕೊನೆಯಲ್ಲಿ ಸೇರಿಸಿದೆವು.